ಊರಿಗೆ ಕಳಿಸಿದ ಕಾಯಿಲೆ

(ಬಾನುಲಿ ಭಾಷಣ)

ಕಾರ್ತಿಕ ಮಾಸದ ಒಂದು ಮುಂಜಾನೆ ಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತು ಕಿವಿಗೊಟ್ಟರೆ ಈಗ ಕನ್ನಡದ ಜೊತೆಗೆ ಇನ್ನೂ ನಾಲ್ಕು ಮಾತುಗಳು ಕೇಳಿಬರುತ್ತವೆ: ಅಸ್ಸಾಮಿ, ಬಂಗಾಳಿ, ಜಾರ್ಖಂಡದ ಕಡೆಯ ಸಾದರಿ, ಮತ್ತು ಇವರೆಲ್ಲ ನಮ್ಮೊಡನೆ ವ್ಯವಹರಿಸುವಾಗ ಬಳಸುವ ಮುರುಕು ಹಿಂದಿ. ಕನ್ನಡವೂ ಒಂದೇ ಬಗೆಯದಲ್ಲ; ಬಯಲುಸೀಮೆಯಿಂದ ಗಂಟು ಮೂಟೆ ಕಟ್ಟಿಕೊಂಡು ಬಂದವರ ಕನ್ನಡಕ್ಕೆ ಬೇರೆಯೇ ಒಂದು ಬಿರುಸಿದೆ. ನಾನು ಹುಡುಗನಾಗಿದ್ದಾಗ ಇದೇ ಕಾಲದಲ್ಲಿ, ಇದೇ ಊರಿನಲ್ಲಿ, ಕಿವಿ ತುಂಬುತ್ತಿದ್ದುದು ತುಳು. ಘಟ್ಟದ ಕೆಳಗಿನಿಂದ, ಕಾರ್ಕಳ ಬೆಳ್ತಂಗಡಿಗಳ ಕಡೆಯಿಂದ, ಆಳುಗಳು ಹತ್ತಿ ಬರುತ್ತಿದ್ದರು. ಮಾತು ಬದಲಾಗಿದೆ, ಕೆಲಸ ಬದಲಾಗಿಲ್ಲ. ಅಡಿಕೆ ಕೊನೆ ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು, ಕಾಫಿ ಹಣ್ಣು ಬಿಡಿಸಬೇಕು, ತೋಟಕ್ಕೆ ಮಣ್ಣು ಹೊರಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳ ತೋಟಗಳು ಯಾವ ಕಾಲದಲ್ಲಿಯೂ ತಮ್ಮ ಊರಿನ ಕೈಗಳಿಂದ ಮಾತ್ರ ನಡೆದವಲ್ಲ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಹೀಗೆ ಬಂದು ಹೋಗುವ ಬಡ ದುಡಿಮೆಗಾರರ ದೀರ್ಘ ಕಾಯಿಲೆಗಳನ್ನು ಕುರಿತು. ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಊರಿಗೆ ಮರಳಿದವನು. ಆದರೆ ನುಡಿಯ ಕಡೆಯಿಂದಲೂ ಈ ವಿಷಯಕ್ಕೆ ಒಂದು ಬಾಗಿಲಿದೆ. ಕನ್ನಡದಲ್ಲಿ ಜ್ವರ ಬರುತ್ತದೆ, ಜ್ವರ ಬಿಡುತ್ತದೆ. ಕಾಯಿಲೆ ಬೀಳುತ್ತೇವೆ, ಕಾಯಿಲೆಯಿಂದ ಏಳುತ್ತೇವೆ. ನಮ್ಮ ನುಡಿಗಟ್ಟಿನಲ್ಲಿ ರೋಗವೆಂದರೆ ಬಂದು ಹೋಗುವ ನೆಂಟ. ಎಷ್ಟೇ ಕಾಡಿದರೂ ಒಂದು ದಿನ ಹೊರಡಬೇಕಾದವನು. ಹೊರಡದೆ ಮೈಯೊಳಗೇ ಬಿಡಾರ ಹೂಡಿದ, ನೋವನ್ನೂ ಕೊಡದೆ ಹತ್ತು ವರ್ಷ ಸುಮ್ಮನೆ ಕುಳಿತಿರುವ ರೋಗಕ್ಕೆ ಜನರ ಬಾಯಲ್ಲಿ ಮಾತಿಲ್ಲ. ‘ಬಿ.ಪಿ.’ ಎಂದೋ ‘ಶುಗರ್’ ಎಂದೋ ಎರವಲು ತಂದ ತುಣುಕುಗಳಿಂದ ಕೆಲಸ ಸಾಗಿಸುತ್ತಿದ್ದೇವೆ. ಮಾತಿಲ್ಲದ ಕಡೆ ತಿಳಿವಳಿಕೆಯೂ ತಡವಾಗಿ ಬರುತ್ತದೆ. ಇದು ನನ್ನ ಅನುಭವ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹಳೆಯ ಕಾಯಿಲೆಯ ಮಾತು. ಮಲೆನಾಡಿನ ಹಿರಿಯರಿಗೆ ಮಲೇರಿಯಾ ಎಂದರೆ ಪುಸ್ತಕದ ಹೆಸರು. ಅವರ ಪಾಲಿಗೆ ಅದು ಚಳಿಜ್ವರ, ಅದರ ಕೊನೆಯ ಫಲ ಜ್ವರಗಡ್ಡೆ. ಜ್ವರ ಮತ್ತೆ ಮತ್ತೆ ಬಂದು, ಎಡಪಕ್ಕೆಯ ಕೆಳಗಿನ ಗುಲ್ಮ ಊದಿ, ಹೊಟ್ಟೆ ಮುಂದೆ ಬಂದು, ಕೈಕಾಲು ಕಡ್ಡಿಯಾಗಿ, ಕಣ್ಣು ಬಿಳಿಚಿಕೊಂಡ ಮನುಷ್ಯನನ್ನು ನನ್ನ ಅಜ್ಜಿ ಮಾತಿನಲ್ಲಿಯೇ ಚಿತ್ರ ಬರೆದಂತೆ ತೋರಿಸುತ್ತಿದ್ದರು. ಮಲೇರಿಯಾವನ್ನು ಕೆಲವು ದಿನಗಳ ಜ್ವರವೆಂದು ಈಗಿನವರು ತಿಳಿದಿದ್ದಾರೆ. ಅಂದಿನದು ಹಾಗಲ್ಲ. ಅದರ ಒಂದು ಜಾತಿಯ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು, ಮತ್ತೊಂದು ಸೊಳ್ಳೆಯ ಕಡಿತವಿಲ್ಲದೆಯೇ, ತಾನಾಗಿ ಎದ್ದು ಬರುತ್ತದೆ. ಚಳಿ ಬಿಟ್ಟಿತೆಂದು ಹಾರೆ ಹಿಡಿದವನು ಎರಡು ತಿಂಗಳ ಮೇಲೆ ಮತ್ತೆ ಕಂಬಳಿಯೊಳಗೆ ಸೇರುತ್ತಿದ್ದ. ಹೀಗೆ ಮೂರು ನಾಲ್ಕು ವರ್ಷ ನಡೆದರೆ ರಕ್ತವೆಲ್ಲ ನೀರಾಗಿ ಆ ಮನುಷ್ಯ ದುಡಿಮೆಗೆ ಬಾರದವನಾಗುತ್ತಿದ್ದ.

ಇದರಲ್ಲಿ ಹೊರಗಿನಿಂದ ಬಂದವರ ಪಾಡು ಇನ್ನೂ ಕಠಿಣವಾಗಿತ್ತು. ಹುಟ್ಟಿದಂದಿನಿಂದ ಜ್ವರವುಂಡು ಬದುಕಿ ಉಳಿದವರ ಮೈ ಅದಕ್ಕೆ ತಕ್ಕಮಟ್ಟಿಗೆ ಪಳಗಿರುತ್ತದೆ; ಹೊಸಬರ ಮೈಗೆ ಆ ಪಳಗಿಕೆಯಿಲ್ಲ. ನಮ್ಮ ಬೆಟ್ಟಸಾಲಿನಲ್ಲಿ ಮಲೇರಿಯಾ ಹರಡುತ್ತಿದ್ದ ಸೊಳ್ಳೆ, ಶಾಸ್ತ್ರಜ್ಞರು ಅನಾಫಿಲೀಸ್ ಫ್ಲುವಿಯಾಟಿಲಿಸ್ ಎಂದು ಕರೆಯುವ ಜಾತಿಯದು, ಕೊಳಚೆಯಲ್ಲಿ ಹುಟ್ಟುವುದಲ್ಲ. ಸಣ್ಣಗೆ ಹರಿಯುವ ತಿಳಿನೀರಿನ ಹಳ್ಳ, ಒರತೆಯ ಅಂಚು, ತೋಟದ ಕಪ್ಪಿನ ಹುಲ್ಲು, ಇವು ಅದರ ತೊಟ್ಟಿಲು. ಮಳೆ ನಿಂತು ಹಳ್ಳಗಳು ತಿಳಿಯಾಗುವ ಹೊತ್ತಿಗೆ ಕೊಯ್ಲು ಸುರುವಾಗುತ್ತಿತ್ತು. ಕೊಯ್ಲು ಸುರುವಾಗುವ ಹೊತ್ತಿಗೆ ಆಳುಗಳು ಘಟ್ಟ ಹತ್ತುತ್ತಿದ್ದರು. ಕವಿಗಳು ಹಾಡಿ ಹೊಗಳಿದ ನಮ್ಮ ಜುಳುಜುಳು ತೊರೆಗಳಿಗೆ ಇಂಥ ಒಂದು ಮುಖವೂ ಇತ್ತು.

ಕುವೆಂಪು ಅವರು 1904ರಲ್ಲಿ ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನ ಊರು. ಅವರ ‘ಕಾನೂರು ಹೆಗ್ಗಡಿತಿ’ಯನ್ನು, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರಿಗೆ ಸೇರೆಗಾರನೆಂಬ ಮನುಷ್ಯನ ಪರಿಚಯವಿದ್ದೇ ಇದೆ: ಘಟ್ಟದ ಕೆಳಗಿನ ಆಳುಗಳನ್ನು ಒಟ್ಟುಮಾಡಿ, ಒಕ್ಕಲಿಗೂ ಕೂಲಿಗೂ ನಡುವೆ ನಿಂತು ವ್ಯವಹಾರ ನಡೆಸುವವನು. ಮುಂಗಡ ಕೊಡುವವನು ಅವನೇ, ಲೆಕ್ಕದ ಪುಸ್ತಕ ಅವನದೇ. ಪಾಠ ಹೇಳುವಾಗ ನಾನು ಸೇರೆಗಾರನ ಪಾತ್ರವನ್ನು ಎಷ್ಟೋ ಸಲ ವಿವರಿಸಿದ್ದೇನೆ; ಆದರೆ ಆಳಿಗೆ ಜ್ವರಗಡ್ಡೆಯಾದರೆ ಅವನ ಲೆಕ್ಕ ಏನಾಗುತ್ತಿತ್ತು ಎಂದು ಒಮ್ಮೆಯೂ ಕೇಳಿಕೊಂಡವನಲ್ಲ. ಅದನ್ನು ಅಜ್ಜಿಯೇ ಹೇಳಿದ್ದರು. “ಏಳಲಾರದವನನ್ನು ಇಟ್ಟುಕೊಂಡು ಏನು ಮಾಡುವುದು? ಇಳಿಸಿಬಿಡುತ್ತಿದ್ದರು.” ಇಳಿಸುವುದೆಂದರೆ ಘಟ್ಟ ಇಳಿಸುವುದು. ಹತ್ತುವಾಗ ನಡೆದು ಬಂದವರು ಇಳಿಯುವಾಗ ಕಂಬಳಿಯ ಡೋಲಿಯಲ್ಲಿ, ಇಬ್ಬರ ಹೆಗಲ ಮೇಲೆ, ಇಳಿಯುತ್ತಿದ್ದರು. ಕೆಲವರು ದಾರಿಯಲ್ಲಿಯೇ ಇಳಿಸುವವರ ಭಾರವನ್ನು ಕಡಿಮೆ ಮಾಡುತ್ತಿದ್ದರು. ಅಜ್ಜಿಯ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಅಂದಿನ ಮಟ್ಟಿಗೆ ಅದೇ ಚಿಕಿತ್ಸೆ.

ಆಗ ಎಣಿಕೆಯೇ ಇರಲಿಲ್ಲವೆ? ಇತ್ತು. ಮಲೆನಾಡಿನಲ್ಲಿ ಜನ ಕುಗ್ಗುತ್ತಿದ್ದಾರೆಂಬ ಚಿಂತೆ ಮೈಸೂರು ಸರ್ಕಾರವನ್ನು ಬಹುಕಾಲ ಕಾಡಿತ್ತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿಯೇ ಮಲೆನಾಡಿನ ಸುಧಾರಣೆಗೆಂದು ಒಂದು ಯೋಜನೆ ಹೊರಟಿತು. 1920ರ ದಶಕದ ಕೊನೆಯ ಹೊತ್ತಿಗೆ ರಾಕೆಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಮಲೇರಿಯಾದ ಶಾಸ್ತ್ರೀಯ ಪರಿಶೀಲನೆಯೂ ಮೊದಲಾಯಿತು. ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆಯೆಂದು ತಿಳಿಯಲು ಆ ಕಾಲದ ವೈದ್ಯರು ಎಲ್ಲೆಡೆ ಅನುಸರಿಸುತ್ತಿದ್ದ ಕ್ರಮ ಸರಳವಾದದ್ದು: ಊರಿನ ಎಳೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೊಟ್ಟೆ ಮುಟ್ಟಿ, ನೂರಕ್ಕೆ ಎಷ್ಟು ಮಂದಿಗೆ ಗುಲ್ಮ ಊದಿದೆಯೆಂದು ಎಣಿಸುವುದು. ಒಳ್ಳೆಯ ಕ್ರಮವೇ. ಆದರೆ ಆ ಸಾಲಿನಲ್ಲಿ ಊರಿನ ಮಕ್ಕಳು ನಿಲ್ಲುತ್ತಾರೆ. ನಾಲ್ಕು ತಿಂಗಳಿಗೆಂದು ಒಬ್ಬನೇ ಬಂದ ಮೂವತ್ತು ವರ್ಷದ ಕೂಲಿ ನಿಲ್ಲುವುದಿಲ್ಲ. ಅವನ ಕಾಯಿಲೆ ಹುಟ್ಟಿದ್ದು ಮೈಸೂರು ಸಂಸ್ಥಾನದಲ್ಲಿ. ಅವನು ನರಳಿದ್ದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡದಲ್ಲಿ. ಇಲ್ಲಿಯ ಪುಸ್ತಕದಲ್ಲಿ ಅವನು ರೋಗಿಯಲ್ಲ, ಹೋದವನು. ಅಲ್ಲಿಯ ಪುಸ್ತಕದಲ್ಲಿ ಅವನು ಎಲ್ಲಿಂದಲೋ ಜ್ವರ ತಂದವನು.

ಗುಲ್ಮದ ಮಾತು ಬಂದುದರಿಂದ ಒಂದು ಹಳೆಯ ಮೊಕದ್ದಮೆ ನೆನಪಾಗುತ್ತದೆ. ನಮ್ಮ ಸೀಮೆಯದಲ್ಲ, ಆಗ್ರಾದ್ದು. 1876ರಲ್ಲಿ ಫುಲ್ಲರ್ ಎಂಬ ಆಂಗ್ಲ ವಕೀಲನೊಬ್ಬ ತನ್ನ ಕುದುರೆಯಾಳನ್ನು ಹೊಡೆದ; ಆಳು ಸತ್ತ. ಊದಿದ ಗುಲ್ಮ ಒಡೆದು ಸತ್ತನೆಂದು ತೀರ್ಮಾನವಾಗಿ ವಕೀಲನಿಗೆ ಮೂವತ್ತು ರೂಪಾಯಿ ದಂಡ ಬಿತ್ತು. ವೈಸರಾಯ್ ಲಿಟ್ಟನ್ ಪ್ರಭುವೇ ಆ ತೀರ್ಪಿನ ಬಗ್ಗೆ ಅಸಮಾಧಾನ ತೋರಿಸಿದನೆಂಬುದು ಚರಿತ್ರೆಯಲ್ಲಿದೆ. ದುಡಿಯುವವನ ದೀರ್ಘ ಕಾಯಿಲೆ ಅವನ ಪರವಾಗಿ ಸಾಕ್ಷಿ ಹೇಳಬೇಕಾದ ಕಡೆ ಅವನ ವಿರುದ್ಧವೇ ಸಾಕ್ಷಿ ಹೇಳಿತು. ಆ ಮಾತು ಅಲ್ಲಿಗಿರಲಿ.

ಸ್ವಾತಂತ್ರ್ಯದ ನಂತರ ಡಿ.ಡಿ.ಟಿ. ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಗೋಡೆಗಳಿಗೆ ಬಿಳಿಯ ದ್ರಾವಣ ಹೊಡೆಯುವವರು ಬಂದರೆ ಪಾತ್ರೆ ಪಡಗಗಳನ್ನು ಅಂಗಳಕ್ಕೆ ಹೊತ್ತುಹಾಕುತ್ತಿದ್ದ ದೃಶ್ಯ ನನ್ನ ಬಾಲ್ಯದ ಮೊದಲ ನೆನಪುಗಳಲ್ಲೊಂದು. ಇಡೀ ದೇಶದಲ್ಲಿ 1965ರ ಸುಮಾರಿಗೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ದ ಮಲೇರಿಯಾ 1976ರಲ್ಲಿ ಅರವತ್ತು ಲಕ್ಷವನ್ನು ಮೀರಿ ಮತ್ತೆ ಎದ್ದಿತಾದರೂ ನಮ್ಮ ತೋಟಗಳಿಗೆ ಹಳೆಯ ಜ್ವರಗಡ್ಡೆ ಮರಳಲಿಲ್ಲ. ಈಗಿನ ಹುಡುಗರಿಗೆ ಆ ಶಬ್ದವೇ ತಿಳಿಯದು. ಇದಕ್ಕಿಂತ ದೊಡ್ಡ ಉಪಕಾರವನ್ನು ಸರ್ಕಾರವೊಂದು ಮಲೆನಾಡಿಗೆ ಮಾಡಿದ್ದನ್ನು ನಾನು ಕಾಣೆ.

ಇನ್ನು ಈಗಿನ ಕಾಯಿಲೆಯ ಮಾತು. ಅದಕ್ಕೆ ನನ್ನ ಮನೆಯ ಅಂಗಳದಿಂದಲೇ ಹೊರಡಬೇಕು.

ನನ್ನ ತಮ್ಮನಿಗೆ ಮೂರು ಎಕರೆಯಷ್ಟು ಅಡಿಕೆ, ನಡುವೆ ಒಂದಿಷ್ಟು ಕಾಫಿ. ಕೆಲವು ವರ್ಷಗಳ ಹಿಂದೆ ಅಸ್ಸಾಮಿನಿಂದ ಬಂದ ಒಬ್ಬ ಆಳು ಸತತವಾಗಿ ಮೂರು ಹಂಗಾಮು ನಮ್ಮಲ್ಲಿ ದುಡಿದ. ನಲವತ್ತೈದರ ಸುಮಾರಿನವನು, ಮಿತಭಾಷಿ. ನನ್ನನ್ನು ಬಾಬು ಎಂದು ಕರೆಯುತ್ತಿದ್ದ. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿಕೊಂಡು ಕುಡಿಯುತ್ತಿದ್ದುದನ್ನು ಕಂಡು ನಮ್ಮ ಮನೆಯ ಮಕ್ಕಳು ನಗುತ್ತಿದ್ದವು, ಅವನೂ ನಗುತ್ತಿದ್ದ. ಬೆಳಗಿನ ಹೊತ್ತು ತಲೆಗೆ ಟವಲು ಬಿಗಿದು ಕಟ್ಟಿಕೊಂಡಿರುತ್ತಿದ್ದ. ತಲೆ ಸಿಡಿಯುತ್ತದೆ ಎನ್ನುತ್ತಿದ್ದ. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದ. ನೋವಿನ ಮಾತ್ರೆಗಳಲ್ಲಿ ಕೆಲವು ರಕ್ತದ ಒತ್ತಡವನ್ನೇ ಏರಿಸುತ್ತವೆ, ಮೂತ್ರಪಿಂಡಗಳನ್ನು ಕೆಡಿಸುತ್ತವೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಒಂದು ದಿನ ಆಧಾರ್ ಚೀಟಿಯನ್ನು ಹುಡುಕುತ್ತಾ ಅವನು ತನ್ನ ಪ್ಲಾಸ್ಟಿಕ್ ಚೀಲ ಬಿಚ್ಚಿದ. ಅದರೊಳಗೆ ಒಂದು ಮಾತ್ರೆಯ ಪಟ್ಟಿಯಿತ್ತು. ಹತ್ತರಲ್ಲಿ ಎರಡು ಉಳಿದಿದ್ದವು. ಏನೆಂದು ಕೇಳಿದೆ. ಊರಿನ ಚಹಾತೋಟದ ಆಸ್ಪತ್ರೆಯಲ್ಲಿ ಡಾಕ್ಟರು ಕೊಟ್ಟದ್ದು, ಬಿ.ಪಿ.ಗೆ, ದಿನವೂ ಒಂದು ತಿನ್ನಲು ಹೇಳಿದ್ದಾರೆ ಎಂದ. ಮತ್ತೆ ತಿನ್ನುವುದಿಲ್ಲವೆ ಎಂದೆ. “ದಿನವೂ ತಿಂದರೆ ಮುಗಿದುಹೋಗುತ್ತದಲ್ಲ ಬಾಬು” ಎಂದ. ತಲೆ ತುಂಬಾ ಸಿಡಿದ ದಿನಕ್ಕೆಂದು ಉಳಿಸಿಟ್ಟುಕೊಂಡಿದ್ದನಂತೆ. ಆ ಉತ್ತರದ ಸೊಗಸಿಗೆ ನಾನು ಮುಗುಳ್ನಕ್ಕೆ. ಸಂಜೆ ಮನೆಯವರಿಗೂ ಹೇಳಿದೆ. ಸಾಹಿತ್ಯದ ಮೇಷ್ಟರ ಬುದ್ಧಿ ಅಷ್ಟಕ್ಕೇ ತೃಪ್ತವಾಯಿತು. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದೇ ಮಾತ್ರೆ ಹಣವಿಲ್ಲದೆ ಸಿಗುತ್ತದೆ, ನಡೆ ಹೋಗೋಣ ಎಂದು ನಾನು ಹೇಳಲಿಲ್ಲ. ನಾನೂ ಅಂಥದೇ ಒಂದು ಮಾತ್ರೆಯನ್ನು ಹನ್ನೆರಡು ವರ್ಷಗಳಿಂದ ಪ್ರತಿ ಬೆಳಿಗ್ಗೆ ನುಂಗುತ್ತಿರುವವನು.

ಮಾಘ ಮಾಸದಲ್ಲಿ, ಕಾಫಿ ಕೊಯ್ಲು ಮುಗಿಯುತ್ತಾ ಬಂದಾಗ, ಅವನ ಬಲಗೈ ಕೊಂಬೆಗೆ ಏಳಲಿಲ್ಲ. ಬಾಯಿ ಒಂದು ಬದಿಗೆ ವಾಲಿತು. ಜೊತೆಯವರು ಹೊತ್ತುಕೊಂಡು ಬಂದರು. ತಾಲ್ಲೂಕು ಕೇಂದ್ರ, ಅಲ್ಲಿಂದ ದೊಡ್ಡ ಆಸ್ಪತ್ರೆ. ಪಾರ್ಶ್ವವಾಯು. ಜೀವ ಉಳಿಯಿತು, ಕೈ ಮರಳಲಿಲ್ಲ, ಮಾತು ಅರ್ಧ ಮರಳಿತು. ಹದಿನೈದು ದಿನಗಳ ಮೇಲೆ, ಇನ್ನೇನು ಮಾಡುವುದೆಂಬ ಪ್ರಶ್ನೆ ಬಂದಾಗ, ನಮ್ಮೆಲ್ಲರಿಗೂ ಒಂದೇ ಉತ್ತರ ಹೊಳೆಯಿತು. ಅವನ ಕೂಲಿಯ ಬಾಕಿ ಕೊಟ್ಟು, ಮೇಲೊಂದಿಷ್ಟು ನಾನೂ ಸೇರಿಸಿ, ಅವನ ಊರಿನವನೊಬ್ಬನನ್ನು ಜೊತೆಮಾಡಿ, ಬೆಂಗಳೂರಿನವರೆಗೆ ವಾಹನ ಗೊತ್ತುಮಾಡಿ ರೈಲು ಹತ್ತಿಸಿದೆವು. ಊರಿನಲ್ಲಿ ಎಲ್ಲರೂ ನಮ್ಮನ್ನು ಹೊಗಳಿದರು. ಯಾರು ಇಷ್ಟು ಮಾಡುತ್ತಾರೆ ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಆ ರಾತ್ರಿ ಮಲಗಿದಾಗ ಅಜ್ಜಿಯ ಮಾತು ನೆನಪಾಯಿತು. ಇಳಿಸಿಬಿಡುತ್ತಿದ್ದರು.

ಆಮೇಲೆ ಒಂದು ಸಲ ಅವನ ಕಡೆಯ ಹುಡುಗನೊಬ್ಬ ಫೋನು ಮಾಡಿದ್ದ. ಈಗ ಆ ಸಂಖ್ಯೆ ಬಳಕೆಯಲ್ಲಿಲ್ಲ.

ಈ ಪ್ರಸಂಗದ ನಂತರ ನಾನು ಕೆಲವು ಸಂಗತಿಗಳನ್ನು ಓದಿ ತಿಳಿದುಕೊಂಡೆ. ಅಸ್ಸಾಮಿನ ಚಹಾತೋಟದ ಕಾರ್ಮಿಕರಲ್ಲಿ ರಕ್ತದೊತ್ತಡ ಬಹಳ ಹೆಚ್ಚೆಂಬುದನ್ನು ಅಲ್ಲಿಯ ವೈದ್ಯಕೀಯ ಸಂಶೋಧಕರು ಎಂದೋ ಗುರುತಿಸಿದ್ದಾರೆ. ಆ ಉಪ್ಪು ಬೆರೆಸಿದ ಚಹಾ, ಜೊತೆಗೆ ಹೊಗೆಸೊಪ್ಪು, ಮದ್ಯ, ಇವುಗಳನ್ನು ಅದಕ್ಕೆ ಕಾರಣಗಳಾಗಿ ಎಣಿಸಿದ್ದಾರೆ. ನಮ್ಮ ಮಕ್ಕಳು ನಕ್ಕ ಲೋಟದಲ್ಲಿ ಇದ್ದದ್ದು ಅದು. ಬೆವರು ಸುರಿಸಿ ದುಡಿಯುವವನ ಮೈಗೆ ಉಪ್ಪು ಬೇಕೆಂದು ತೋಟಗಳಲ್ಲಿ ಬೆಳೆದುಬಂದ ರೂಢಿ ತಲೆಮಾರುಗಳ ಮೇಲೆ ಹೀಗೆ ಫಲ ಕೊಟ್ಟಿತು. ಆ ತೋಟಗಳ ಜನರಾದರೂ ಮೂಲದಲ್ಲಿ ಅಸ್ಸಾಮಿನವರಲ್ಲ. ಅವರಲ್ಲಿ ಬಹುಮಂದಿಯ ಹಿರಿಯರನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಛೋಟಾನಾಗಪುರದ ಕಾಡುಗಳಿಂದ ಕೂಲಿಗೆಂದು ಸಾಗಿಸಿಕೊಂಡು ಹೋದದ್ದು. ಹಾಗೆ ಸಾಗಿಸಿದವನಿಗೆ ಅಲ್ಲಿ ಅರ್ಕಾಟಿ ಎಂದು ಹೆಸರು. ನಮ್ಮ ಸೇರೆಗಾರನ ದೂರದ ದಾಯಾದಿ ಎನ್ನಬಹುದು. ಅಜ್ಜ ಛೋಟಾನಾಗಪುರ ಬಿಟ್ಟ, ಮೊಮ್ಮಗ ಅಸ್ಸಾಮನ್ನು ಬಿಟ್ಟು ಭದ್ರೆಯ ದಂಡೆಗೆ ಬಂದ.

ಬಡವನಿಗೆ ತನ್ನ ಕಾಯಿಲೆಯ ಅರಿವಿಲ್ಲ, ಅದಕ್ಕೇ ಚಿಕಿತ್ಸೆ ಪಡೆಯುವುದಿಲ್ಲ ಎಂಬ ಮಾತನ್ನು ಓದಿದವರು ಹಗುರಾಗಿ ಆಡುತ್ತಾರೆ. ಇದನ್ನು ಒಪ್ಪಲು ನನಗೆ ಕಷ್ಟ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರಾದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಹುಡುಕಿ ಮಾತನಾಡಿಸಿ 1963ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮಗೇನೋ ಆಗಿದೆಯೆಂಬ ಅರಿವು ಚೆನ್ನಾಗಿಯೇ ಇತ್ತು; ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೂ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಒಂದು ಬಾಟಲಿ. ಜಗತ್ತಿನ ಕ್ಷಯರೋಗ ನಿಯಂತ್ರಣದ ವಿಚಾರಕ್ಕೆ ತುಮಕೂರಿನ ಹಳ್ಳಿಗರು ಕಲಿಸಿದ ಪಾಠವಿದು. ನಮ್ಮ ತೋಟದ ಆಳಿಗೂ ಅರಿವಿತ್ತು. ಅವನು ವೈದ್ಯರ ಬಳಿಗೆ ಹೋಗಿದ್ದ, ಮಾತ್ರೆಯನ್ನು ಪಡೆದಿದ್ದ, ಅದನ್ನು ಚಿನ್ನದಂತೆ ಕಾಪಾಡಿಕೊಂಡು ದೇಶದ ಆ ತುದಿಯಿಂದ ಈ ತುದಿಗೆ ತಂದಿದ್ದ. ಆ ಪಟ್ಟಿ ಮುಗಿದ ಮೇಲೆ ಮುಂದಿನ ಪಟ್ಟಿ ಎಲ್ಲಿ ಎಂಬುದೊಂದೇ ಅವನಿಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದವನು ನಾನು.

ದೀರ್ಘ ಕಾಯಿಲೆಯ ಚಿಕಿತ್ಸೆಯಲ್ಲಿ ಔಷಧಿಗಿಂತ ಮುಖ್ಯವಾದದ್ದು ಪುನರಾವೃತ್ತಿ. ಈ ತಿಂಗಳು ಹೋಗಬೇಕು, ಮುಂದಿನ ತಿಂಗಳು ಹೋಗಬೇಕು. ಹಿಂದಿನ ಸಲ ಎಷ್ಟಿತ್ತು, ಈಗೆಷ್ಟಿದೆ ಎಂದು ಹೋಲಿಸಬೇಕು. ಅದಕ್ಕೆ ಒಂದೇ ಬಾಗಿಲು, ಒಂದೇ ಪುಸ್ತಕ, ಮುಖ ಗುರುತಿರುವ ಒಬ್ಬ ದಾದಿ ಬೇಕು. ಒಟ್ಟಿನಲ್ಲಿ, ಈ ವೈದ್ಯಶಾಸ್ತ್ರ ನೆಲೆ ನಿಂತವನಿಗಾಗಿ ಬರೆದದ್ದು. ಹಂಗಾಮಿಗೊಂದು ತೋಟ, ವರ್ಷಕ್ಕೊಂದು ಜಿಲ್ಲೆ ಎಂದು ಬದುಕುವವನು ಪ್ರತಿ ಸಲವೂ ಹೊಸ ರೋಗಿ.

ಇಲ್ಲಿ ನಮ್ಮ ತೋಟದ ಮರಗಳನ್ನು ನೋಡಿ. ಅಡಿಕೆಯ ಕೊಳೆರೋಗಕ್ಕೆ ಮೈಸೂರು ಸಂಸ್ಥಾನದಲ್ಲಿ ಮದ್ದು ಹುಡುಕಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಹೊಡೆಯುವ ಕ್ರಮ ಒಂದು ಶತಮಾನ ದಾಟಿ ಈಗಲೂ ನಡೆದಿದೆ. ಕಾಫಿಗೆಂದು ಬಾಳೆಹೊನ್ನೂರಿನ ಬಳಿ 1925ರಲ್ಲಿ ಸಂಶೋಧನಾ ಕೇಂದ್ರ ಹುಟ್ಟಿತು. ಶೃಂಗೇರಿಯಲ್ಲಿ ಅಡಿಕೆಗೂ ಒಂದು ಕೇಂದ್ರವಿದೆ. ಈ ಮೂರು ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಆದರೂ ವಿಜ್ಞಾನಿಗಳು ಬರುತ್ತಾರೆ, ಮರಕ್ಕೆ ಗುರುತು ಹಾಕುತ್ತಾರೆ, ಮುಂದಿನ ವರ್ಷ ಅದೇ ಮರದ ಬುಡಕ್ಕೆ ಬಂದು ಮತ್ತೆ ನೋಡುತ್ತಾರೆ. ಮರಕ್ಕೆ ಬೇರಿದೆ, ಅದು ಅಲ್ಲೇ ಇರುತ್ತದೆ. ಇದನ್ನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ. ಹಳದಿ ಎಲೆ ರೋಗ ಬಂದ ತೋಟದ ಯಜಮಾನನ ಸಂಕಟ ನಮ್ಮ ಮನೆಯದೇ ಸಂಕಟ. ಸಾಲದಲ್ಲಿ ಮುಳುಗಿದ ಮೂರೆಕರೆಯ ಒಡೆಯನಿಂದ ಆಸ್ಪತ್ರೆ ನಡೆಸಲಾಗುವುದಿಲ್ಲ ಎಂಬುದನ್ನೂ ಬಲ್ಲೆ. 1951ರಲ್ಲಿ ಬಂದ ತೋಟ ಕಾರ್ಮಿಕರ ಕಾನೂನು ಚಹಾ, ಕಾಫಿ, ರಬ್ಬರ್, ಸಿಂಕೋನಗಳನ್ನು ಹೆಸರಿಸಿ ದೊಡ್ಡ ತೋಟಗಳ ಒಡೆಯರಿಗೆ ವೈದ್ಯಕೀಯ ಸೌಲಭ್ಯದ ಹೊಣೆ ಹೊರಿಸಿತು. ಅಡಿಕೆಯ ಹೆಸರನ್ನು ಎತ್ತಲಿಲ್ಲ. 1979ರಲ್ಲಿ ಹೊರರಾಜ್ಯದ ವಲಸೆ ಕಾರ್ಮಿಕರಿಗೆಂದೇ ಒಂದು ಕಾನೂನಾಯಿತು. ಎರಡೂ 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆಯೊಳಗೆ ಸೇರಿದವು. ಮೂರೆಕರೆಯ ತೋಟದ ಅಂಗಳದಲ್ಲಿ ಇವುಗಳಲ್ಲಿ ಯಾವುದರ ಸದ್ದೂ ನನಗೆ ಕೇಳಿಲ್ಲ.

ಹಾಗೆಂದು ನಮ್ಮ ಆರೋಗ್ಯ ಇಲಾಖೆಗೆ ತೋಟದ ಲೈನು ಮನೆಗಳ ದಾರಿ ಗೊತ್ತಿಲ್ಲವೆಂದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈಗ ನಮ್ಮ ಕಡೆಯೂ ಕಾಣಿಸಿಕೊಳ್ಳುತ್ತದೆ. ಅದರ ಕಾಲ ಬಂದಿತೆಂದರೆ ಆಶಾ ಕಾರ್ಯಕರ್ತೆಯರು ಉಣ್ಣೆಯನ್ನು ದೂರವಿಡುವ ಎಣ್ಣೆಯ ಶೀಶೆಗಳನ್ನು ಹಿಡಿದು ಕಾಡಂಚಿನ ಒಂದೊಂದು ಗುಡಿಸಲಿಗೂ ಹೋಗುತ್ತಾರೆ. ಯಾರಿಗೆ ಜ್ವರ, ಎಂದಿನಿಂದ ಎಂದು ಬರೆದುಕೊಳ್ಳುತ್ತಾರೆ. ಆ ಹೆ�ಣ್ಣುಮಕ್ಕಳ ಶ್ರಮ ದೊಡ್ಡದು. ಆದರೆ ಒಂದು ಕಹಿ ಮಾತನ್ನು ಹೇಳದೆ ಗತ್ಯಂತರವಿಲ್ಲ. ಕಾಡಿನ ಉಣ್ಣೆಗೆ ಆಳು ಯಾರು, ಒಡೆಯ ಯಾರು ಎಂಬ ಭೇದವಿಲ್ಲ. ಆದ್ದರಿಂದ ಆಳಿನ ಜ್ವರವನ್ನು ನಾವು ಆ ಕಾಲದಲ್ಲಿ ಕಿವಿಗೊಟ್ಟು ಕೇಳುತ್ತೇವೆ. ಅವನ ರಕ್ತದೊತ್ತಡ ನಮಗೆ ಅಂಟುವುದಿಲ್ಲ, ಅವನ ಸಕ್ಕರೆ ಕಾಯಿಲೆ ಬೇಲಿ ದಾಟಿ ಬರುವುದಿಲ್ಲ. ಆದ್ದರಿಂದ ಅದು ಅವನ ಸ್ವಂತ ವಿಷಯ.

ಕ್ಷಯರೋಗಕ್ಕಾದರೂ ಈಗ ಒಂದು ಏರ್ಪಾಡಿದೆ. ನಿಕ್ಷಯ್ ಎಂಬ ಹೆಸರಿನ ದಾಖಲೆಯಲ್ಲಿ ರೋಗಿಗೆ ಒಂದು ಸಂಖ್ಯೆ ಕೊಡುತ್ತಾರೆ. ಅವನು ಆರು ತಿಂಗಳ ಚಿಕಿತ್ಸೆಯ ನಡುವೆ ಊರು ಬಿಟ್ಟರೆ ಅವನ ದಾಖಲೆಯನ್ನು ಆ ಊರಿನ ಕೇಂದ್ರಕ್ಕೆ ವರ್ಗಾಯಿಸಬಹುದು. ಎಲ್ಲ ಕಡೆಯೂ ಸುಸೂತ್ರವಾಗಿ ನಡೆಯುತ್ತದೆಂದು ನಾನು ಹೇಳಲಾರೆ; ರೋಗಿಯ ಹಿಂದೆ ಅವನ ಪುಸ್ತಕವೂ ನಡೆದುಬರಬೇಕೆಂಬ ತತ್ತ್ವವನ್ನು ಒಪ್ಪಿದ್ದೇ ದೊಡ್ಡ ಹೆಜ್ಜೆ. ರಕ್ತದೊತ್ತಡಕ್ಕೆ ಆರು ತಿಂಗಳಲ್ಲ, ಆಯುಷ್ಯ ಇರುವಷ್ಟು ಕಾಲ ಮಾತ್ರೆ ಬೇಕು. ಅಂಥ ರೋಗಿಯ ಪುಸ್ತಕ ಇನ್ನೂ ದೂರ ನಡೆಯಬೇಕು.

ಕಳೆದ ಹಂಗಾಮಿನಲ್ಲಿ ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ತೋಟವಿರುವ ಕೇಳುಗರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಹೇಳುತ್ತೇನೆ. ಆಳುಗಳು ಬಂದ ವಾರವೇ ನಮ್ಮ ಭಾಗದ ಆಶಾ ಕಾರ್ಯಕರ್ತೆಗೆ ಹೇಳಿಕಳಿಸಿದೆ. ಹಗಲಲ್ಲಿ ಬಂದರೆ ಆಳು ಸಿಗುವುದಿಲ್ಲ, ಒಂದು ಹೊತ್ತಿನ ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ಯಾರಿಗೂ ಮನಸ್ಸಾಗುವುದಿಲ್ಲ. ಅದನ್ನು ಆಕೆಯೇ ನನಗೆ ತಿಳಿಸಿ, “ಸಂಜೆ ದೀಪ ಹಚ್ಚೋ ಹೊತ್ತಿಗೆ ಸಿಸ್ಟರನ್ನೂ ಕರ್ಕೊಂಡು ಬರ್ತೀನಿ ಮೇಷ್ಟ್ರೆ, ಎಲ್ಲರನ್ನೂ ಒಂದು ಕಡೆ ಕೂರಿಸಿ” ಎಂದರು. ಕೂರಿಸಿದೆವು. ಒಂಬತ್ತು ಮಂದಿಯ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಮೂವರಿಗೆ ಹೆಚ್ಚಿತ್ತು. ಮೂವರಲ್ಲಿ ಒಬ್ಬನಿಗೆ ಇಪ್ಪತ್ತೊಂಬತ್ತು ವರ್ಷ.

ನಾನು ಕೊಪ್ಪದ ಅಂಗಡಿಯಿಂದ ಕಿಸೆಗೆ ಹಿಡಿಸುವ ಪುಸ್ತಕಗಳನ್ನು ತಂದು, ಮೊದಲ ಪುಟದಲ್ಲಿ ಹೆಸರು, ಊರು, ಮಾತ್ರೆಯ ಹೆಸರು, ಎಷ್ಟು ಹೊತ್ತಿಗೆ ತಿನ್ನಬೇಕು ಎಂಬುದನ್ನು ಕನ್ನಡದಲ್ಲಿ ಬರೆದೆ. ಕೆಳಗೆ ಹಿಂದಿಯಲ್ಲಿ ಸಿಸ್ಟರು ಬರೆದರು. ಹಂಗಾಮು ಮುಗಿದು ಹೊರಡುವಾಗ ದಾರಿಗೂ ಊರಿಗೂ ಆಗುವಷ್ಟು ಮಾತ್ರೆಯನ್ನು ಒಟ್ಟಿಗೆ ಕೊಡಬೇಕೆಂದು ಕೇಂದ್ರದ ವೈದ್ಯರನ್ನು ಕೇಳಿಕೊಂಡೆ. ಎರಡು ತಿಂಗಳಿನಷ್ಟು ಕೊಟ್ಟರು. ಪುಸ್ತಕವನ್ನು ಕೈಗಿತ್ತಾಗ ಆ ಇಪ್ಪತ್ತೊಂಬತ್ತರ ಹುಡುಗ ಅದನ್ನು ತಿರುವಿ ನೋಡಿ, ತನ್ನ ಹೆಸರನ್ನು ಕಂಡು, ಸ್ವಲ್ಪ ಗಾಬರಿಯಿಂದ ಕೇಳಿದ: “ಇದು ಮುಂಗಡದ ಲೆಕ್ಕವೇ ಬಾಬು?”

ಅಲ್ಲ ಎಂದೆ. ಒಳಗಿನ ಪುಟದಲ್ಲಿದ್ದುದು 158, ಅದರ ಕೆಳಗೆ 98 ಎಂಬ ಎರಡು ಅಂಕಿಗಳು ಮಾತ್ರ. 140ಕ್ಕೂ 90ಕ್ಕೂ ಕೆಳಗೆ ಅವು ಇಳಿಯಬೇಕೆಂದು ಸಿಸ್ಟರು ಅವನಿಗೆ ಬೆರಳು ಮಡಿಸಿ ಹೇಳಿದರು. ಹೊರಡುವ ಹೊತ್ತಿಗೆ ಆ ಪುಟದಲ್ಲಿ ನಾಲ್ಕು ಸಾಲುಗಳಿದ್ದವು. ಕೊನೆಯದು 136, 86. ಐದನೆಯ ಸಾಲನ್ನು ಅಸ್ಸಾಮಿನಲ್ಲಿ ಯಾರಾದರೂ ಬರೆದಿದ್ದಾರೆಯೇ ಎಂಬುದು ಮುಂದಿನ ಕಾರ್ತಿಕದಲ್ಲಿ ಅವನು ಬಂದರೆ ತಿಳಿಯುತ್ತದೆ.